ಮಾತಾಡಿಸಲು ಬಂದವರು

ನಜರ್‌ಬಾದಿನ ಬಸ್‌ಸ್ಟಾಪಿನಲ್ಲಿ ಕೂತಿದ್ದ ವಾಣಿಗೆ, ಪಕ್ಕದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹಿರಿಯಳು ಜಯಮೇರಿ, ಇನ್ನೊಬ್ಬಳು ಅವಳ ಚರ್ಚಿನ ಗೆಳತಿ ಜಾನ್ಸಿ ಎಂದು ಮಾತಿನಲ್ಲೇ ತಿಳಿಯಿತು. ನಡುವೆ ಯೂನಿಫಾರಂ ತೊಟ್ಟ ಏಳೆಂಟು ವರ್ಷದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

“ಗುಡ್ಡ ಕುಸಿದು ನನ್ ತಂಗಿ ಹೋದ್ಮೇಲೆ ಇವಳನ್ನ ನಾನೇ ಕರ್ಕೊಂಡು ಬಂದ್ಬುಟ್ಟೆ ಕಣಮ್ಮ.”

“ಮಕ್ಕಳಿಗೆ ಧೈರ್ಯ ಹೇಳೋಕೆ ಸ್ಕೂಲಿಗೆ ಯಾರೋ ಬರ್ತಾರಂತಲ್ಲ ಅಕ್ಕ?”

“ಬರ್ತಾರೆ, ಪ್ರತಿ ಸಲ ಬೇರೆಯೋರು. ಬಂದೋರೆಲ್ಲ, ಅವತ್ತು ಏನಾಯ್ತು ಪುಟ್ಟಿ, ಮೊದಲಿಂದ ಹೇಳು ಅಂತಾರೆ.”

“ಇವಳು?”

“ಹೇಳ್ತಾಳೆ. ಅತ್ತರೆ ಫೋಟೊ ತೆಗೀತಾರೆ, ಚಾಕ್ಲೇಟ್ ಕೊಟ್ಟು ಹೋಗ್ತಾರೆ. ಆಮೇಲೆ ವಾರಗಟ್ಟಲೆ ನಿದ್ದೇಲಿ ಬೆಚ್ಚಿ ಬಿದ್ದು ಕಿರುಚ್ತಾಳೆ. ಆಗ ಯಾರಿರ್ತಾರೆ ಹೇಳು?”

“ಬೇಡ ಅನ್ನಬಾರದಾ?”

“ಅನ್ನದೆ ಇರ್ತೀನಾ? ಮಗೂಗೆ ಒಳ್ಳೇದು ಮಾಡೋಕೆ ಬಂದ್ರೆ ನೀವೇ ಅಡ್ಡ ಬರ್ತೀರಲ್ರೀ ಅಂದ್ರು ಹೆಡ್‌ಮಿಸ್ಸು. ಇವತ್ತೂ ಬರ್ತಾರಂತೆ, ತಪ್ಪಿಸಬೇಡಿ ಅಂತ ಫೋನ್ ಮಾಡಿದ್ರು.”

ವಾಣಿ ಹುಡುಗಿಯತ್ತ ಬಾಗಿ, ಮೆಲ್ಲಗೆ ನಕ್ಕಳು.

ಹುಡುಗಿ ಕೂಡಲೇ ನೆಟ್ಟಗೆ ಕೂತು, ಕೈಕಟ್ಟಿಕೊಂಡು ಕೇಳಿದಳು: “ದೊಡ್ಡಮ್ಮ, ಇವರಿಗೂ ಹೇಳಬೇಕಾ?”

ಬಸ್ಸು ಬಂತು. ಜಯಮೇರಿ ಮಗುವಿನ ಕೈಹಿಡಿದು ಹತ್ತಿಸಿದಳು. ಜಾನ್ಸಿಯೂ ಹಿಂದೆಯೇ ಹತ್ತಿದಳು. ವಾಣಿ ಹೋಗಬೇಕಿದ್ದದ್ದೂ ಅದೇ ಬಸ್ಸಿನಲ್ಲಿ. ಅವಳು ಏಳಲಿಲ್ಲ.