ತಂಗಿಗೆ ಬಾಗಿನ

ಗೌರಿ ಹಬ್ಬದ ಬೆಳಗ್ಗೆ ಬ್ಯಾಡರಹಳ್ಳಿ ಬಸ್ ಸ್ಟಾಪಿನಲ್ಲಿ ಕುಸುಮಾ ಕಿವಿಯಾರೆ ಕೇಳಿದ ಮಾತಿದು, ಒಗ್ಗರಣೆ ಹಾಕಿಲ್ಲ. ಪಕ್ಕದಲ್ಲಿ ಮಂಗಳಮುಖಿಯರಿಬ್ಬರು ನಿಂತಿದ್ದರು. ಕಿರಿಯಳಾದ ಪಲ್ಲವಿಯ ಕಾಲು ನೆಲದ ಮೇಲಿರಲಿಲ್ಲ.

"ಅಮ್ಮಾ, ನಮ್ಮಣ್ಣ ಫೋನ್ ಮಾಡಿದ್ದ! ನಂಗೆ ಬಾಗಿನ ಕೊಡ್ತಾನಂತೆ!"

"ಸೀರೆ ಉಟ್ಟಿದ್ದಕ್ಕೆ ಬೆಲ್ಟಲ್ಲಿ ಹೊಡ್ದು ಓಡ್ಸಿದ್ನಲ್ಲ, ಅವ್ನಾ?"

"ಅದು ಆರು ವರ್ಷದ ಹಿಂದಿನ ಮಾತು. ಈಗ ತಂಗೀ ಅಂತಾನೆ."

ಹಿರಿಯಳಾದ ರಾಜಮ್ಮ ಗಂಡು ದನಿ ತೆಗೆದಳು. "ತಂಗೀ, ಒಬ್ಳೇ ಬಾರಮ್ಮಾ, ಯಾರಿಗೂ ಹೇಳ್ಬೇಡಮ್ಮಾ... ಹಿಂಗೇನಾ?"

ಪಲ್ಲವಿ ಬಿದ್ದು ಬಿದ್ದು ನಕ್ಕಳು. "ಥೇಟ್ ಹಂಗೇ! ಕೆಂಗೇರಿ ಹತ್ರ ಕಾರ್ ನಿಲ್ಲಿಸ್ತೀನಿ, ಬಾ ಅಂದ."

"ಬಾಗಿನ ಹಿಡ್ಕೊಂಡು ಅಣ್ಣ ತಂಗಿ ಮನೆಗೆ ಬರ್ತಾನೆ ಕಣೇ. ತಂಗೀನ ಕಾರಿಗೆ ಕರ್ಸ್ಕೊಳ್ಳಲ್ಲ."

"ನಾನೂ ಅದನ್ನೇ ಅಂದೆ. ತಕ್ಷಣ ಒಪ್ಕೊಂಡ."

"ಏನಂತ?"

"ಮನೆಗೇ ಬರ್ತೀನಿ ಅಂತ. ಲೊಕೇಶನ್ ಕಳ್ಸಿದೀನಿ. ಜೊತೆಗೆ ನಾಲ್ಕು ಜನ ಗಂಡಸರು ಬರ್ತಾರಂತೆ, ಅದಕ್ಕೇ ಬಾಳೆಎಲೆ ಜಾಸ್ತಿ ತಗೊಂಡೆ."

ರಾಜಮ್ಮನ ದನಿ ಇಳಿಯಿತು. "ಮನೇಲಿ ಈಗ ಯಾರಿದಾರೆ?"

"ಲಕ್ಷ್ಮಿ ಒಬ್ಳೇ. ಅವಳಿಗೇ ಹೇಳಿದೀನಿ, ಬಂದವ್ರಿಗೆ ಬಾಗಿಲು ತೆಗಿ ಅಂತ."

"ಅವಳಿಗೆ ಫೋನ್ ಮಾಡೇ!"

ರಿಂಗ್ ಆಗುವುದು ಕುಸುಮಾಗೂ ಕೇಳಿಸುತ್ತಿತ್ತು.

"ಎತ್ತುತಾ ಇಲ್ಲ, ಅಮ್ಮಾ."

ರಾಜಮ್ಮ ಅವಳ ರಟ್ಟೆ ಹಿಡಿದು ಎದುರಿಗೆ ಬಂದ ಆಟೊ ಹತ್ತಿಸಿ, ತಾನೂ ಹತ್ತಿದಳು. ಅದು ಹೇರೋಹಳ್ಳಿ ಕಡೆ ತಿರುಗುವವರೆಗೂ ಪಲ್ಲವಿಯ ಕಿವಿಯಲ್ಲಿ ಫೋನ್ ಇತ್ತು.