ಎಡಗಡೆಯ ಮುಂದಿನ ಗಾಲಿಗೆ ಬಿದ್ದ ಎಣ್ಣೆ

ನಾನು ಶೀತಲ ಗಂಡ ಅಮೋಗಸಿದ್ಧ ಬಿರಾಜದಾರ, ವಯಸ್ಸು ೩೭, ಉದ್ಯೋಗ ಒಕ್ಕಲುತನ ಮತ್ತು ಮನೆಗೆಲಸ, ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಸಾಕಿನ್ ಚಪಳಗಾಂವ, ತಾಲೂಕು ಅಕ್ಕಲಕೋಟ. ಪೊಲೀಸ್ ಠಾಣೆಯಲ್ಲಿ ಸಾಹೇಬರು ಕೇಳಿದ ಮೇರೆಗೆ ನನ್ನ ಬಾಯಿಂದಲೇ ಬರೆಸುವುದೇನೆಂದರೆ:

ಇಂದು ಸೋಮವಾರ ನಸುಕಿನಲ್ಲಿ ನನಗೆ ಕೆಟ್ಟ ಕನಸು ಬಿತ್ತು. ನಮ್ಮ ಕಾರಿನ ನಾಲ್ಕೂ ಗಾಲಿಗಳು ಕಾರನ್ನು ಬಿಟ್ಟು ಮುಂದೆ ಓಡಿಹೋದವು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ. ಕನಸು ಬರೆಯುವ ಪದ್ಧತಿ ಇಲ್ಲವೆಂದು ಸಾಹೇಬರು ಹೇಳಿದರು. ಆದರೆ ಆ ಅಂಜಿಕೆಯಿಂದಲೇ ಎದ್ದು ಎಲ್ಲಾ ಗಾಲಿಗಳ ನಟ್ಟುಗಳನ್ನು ಪಾನಾ ಹಾಕಿ ಮತ್ತೊಮ್ಮೆ ಬಿಗಿದಿದ್ದೇನೆ. ಆದ್ದರಿಂದ ಬರೆಯಬೇಕು.

ಗಂಡ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾರೆ. ಕಾರಿನ ಆಯಿಲ್ ಬದಲಿಸುವುದು, ಏರ್ ಫಿಲ್ಟರ್ ಜಾಡಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಎಲ್ಲ ನಾನೇ ಮಾಡುತ್ತೇನೆ. ಮೊಬೈಲಿನಲ್ಲಿ ನೋಡಿ ಕಲಿತೆ. ನಿನ್ನೆ ಅಂಗಳದಲ್ಲಿ ಜಾಕ್ ಕೊಟ್ಟು, ಹಿಂದಿನ ಗಾಲಿಗಳಿಗೆ ಕಲ್ಲು ಇಟ್ಟು, ಮುಂದಿನ ಎರಡೂ ಗಾಲಿಗಳಿಗೆ ಹೊಸ ಪ್ಯಾಡ್ ಹಾಕಿದೆ. ಓಡಿಸಿ ನೋಡಿದೆ. ಬ್ರೇಕ್ ಗಟ್ಟಿಯಾಗಿ ಹಿಡಿಯಿತು. ಪ್ಯಾಡ್ ಹೊಸದಾದ್ದರಿಂದ ಎಡಗಾಲಿ ಮಾತ್ರ ಕಿರ್ರೆಂದಿತು. ಕಟ್ಟೆಯ ಮೇಲೆ ಕೂತಿದ್ದ ಮಾವ ಭೀಮಶಾ, ವಯಸ್ಸು ೭೪, "ಯವ್ವಾ, ಗಾಲಿ ಎಣ್ಣಿ ಬೇಡಾಕತ್ತದ" ಎಂದರು. "ಬ್ಯಾಡ್ರಿ ಮಾಮಾ, ತಾನs ಸುಮ್ಮನಾಗ್ತದ" ಎಂದೆ.

ಇಂದು ಒಂಬತ್ತು ಗಂಟೆಗೆ ಮಾವನವರ ಕಣ್ಣು ತೋರಿಸಲು ಅಕ್ಕಲಕೋಟಕ್ಕೆ ಹೊರಟೆವು. ಓಣಿ ಮುಗಿದು ರಸ್ತೆ ಸೇರುವಲ್ಲಿ, ಮನೆಯಿಂದ ಸುಮಾರು ನೂರೈವತ್ತು ಮೀಟರ್ ದೂರ, ಬ್ರೇಕ್ ತುಳಿದೆ. ಎಡಗಾಲಿ ಹಿಡಿಯಲಿಲ್ಲ. ಕಾರು ಬಲಕ್ಕೆ ಎಳೆದು ಸಿದ್ದರಾಮಪ್ಪನವರ ಕಿರಾಣಿ ಅಂಗಡಿಯ ಮುಂದಿನ ತಗಡಿನ ಚಪ್ಪರದ ಕಂಬಕ್ಕೆ ಬಡಿಯಿತು. ತಗಡು ಬಿದ್ದು ಕೆಳಗೆ ನಿಂತಿದ್ದ ಸಿದ್ದರಾಮಪ್ಪನವರ ಪಾದಕ್ಕೆ ಪೆಟ್ಟಾಯಿತು. ನಾನೇ ನೀರು ಹಾಕಿ ತೊಳೆದು ಬಟ್ಟೆ ಕಟ್ಟಿದೆ. ಕಟ್ಟಿಸಿಕೊಳ್ಳುತ್ತಲೇ ಅವರು, "ರೊಟ್ಟಿ ಬಡಿಯೋ ಕೈಲೆ ಬ್ರೇಕ್ ಬಿಚ್ಚಿದರ ಮತ್ತೇನಾಗ್ತದ ಶೀತಲಬಾಯಿ?" ಎಂದರು. "ರೊಟ್ಟಿ ಬಡದs ಬಂದೀನ್ರಿ, ಒಂದೂ ಹರದಿಲ್ಲ" ಎಂದು ಹೇಳಿದೆ.

ಆಗ ಮಾವ ಕಾರಿನಿಂದ ಇಳಿದು, "ನಾ ಹಾಕೀನ್ರೋ ಎಣ್ಣಿ! ಬಂಡಿ ಗಾಲಿಗೆ ಹಾಕಂಗಿಲ್ಲೇನು? ಚೀರಾಕತ್ತಿತ್ತು, ಹಾಕೀನಿ" ಎಂದು ಎಲ್ಲರ ಮುಂದೆ ಹೇಳಿದರು. ಹೊರಡುವ ಮೊದಲು ನಾನು ಸೀರೆ ಬದಲಿಸಲು ಒಳಗೆ ಹೋದಾಗ ಗಾಲಿಯ ತೂತಿನೊಳಗಿಂದ ಔಡಲೆಣ್ಣೆ ಸುರಿದಿದ್ದರು. ಎಣ್ಣೆ ಬಿದ್ದರೆ ಬ್ರೇಕ್ ಜಾರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಕೂಡಿದ ಜನ ನಕ್ಕರು. ಸಿದ್ದರಾಮಪ್ಪನವರು, "ಸೊಸಿನ್ನ ಉಳಿಸಾಕ ಕಾಕಾ ಕತಿ ಕಟ್ಟಾಕತ್ತಾನ" ಎಂದರು. ಗಾಲಿಯ ಮೇಲಿನ ಎಣ್ಣೆ ನಾನು ಪೈಪು ಸಡಿಲ ಬಿಟ್ಟದ್ದರಿಂದ ಸೋರಿದ ಬ್ರೇಕ್ ಆಯಿಲ್ ಎಂದು ದೂರು ಕೊಟ್ಟಿದ್ದಾರೆ. ಪ್ಯಾಡ್ ಹಾಕಲು ಆ ಪೈಪು ಬಿಚ್ಚುವುದೇ ಇಲ್ಲ.

ಚಪ್ಪರ ನಿಲ್ಲಿಸಿಕೊಡುತ್ತೇನೆ. ಅವರನ್ನು ದವಾಖಾನೆಗೂ ನಾನೇ ಕರೆದೊಯ್ಯುತ್ತೇನೆ. ಮಾವನವರ ಮೇಲೆ ಕೇಸು ಬೇಡ. ಆದರೆ ನನ್ನ ಕೆಲಸ ಕೆಟ್ಟಿತ್ತೆಂದು ಬರೆದರೆ ಸಹಿ ಮಾಡುವುದಿಲ್ಲ. ಇನ್ನು ಮುಂದೆ ಕಾರಿನ ಸಾಮಾನು ಮುಟ್ಟುವುದಿಲ್ಲವೆಂದು ಬರೆದುಕೊಟ್ಟರೆ ದೂರು ಹಿಂದೆ ತೆಗೆದುಕೊಳ್ಳುವುದಾಗಿ ಸಿದ್ದರಾಮಪ್ಪನವರು ಹೇಳಿದ್ದಾರೆ. ಬರೆದುಕೊಡುವುದಿಲ್ಲ. ಆ ಗಾಲಿ ಬಿಚ್ಚಿ, ತೊಳೆದು, ಮತ್ತೆ ಹೊಸ ಪ್ಯಾಡ್ ಹಾಕುವವಳೂ ನಾನೇ.

ಬರೆದದ್ದನ್ನು ಓದಿ ಕೇಳಿಸಿದರು. ನಾನು ಆಡಿದ ಮಾತೇ ಇದೆ, ಸುಳ್ಳು ಸೇರಿಲ್ಲ.

ಸ್ಥಳ: ಅಕ್ಕಲಕೋಟ
ದಿನಾಂಕ: ೧೦-೧೧-೨೦೨೫
ಸಹಿ: ಶೀತಲ ಅ. ಬಿರಾಜದಾರ

ಸಹಿಯ ಕೆಳಗೆ ಬರೆಸಿದ್ದು: ಬಾನೆಟ್ಟಿನೊಳಗೆ ಬ್ರೇಕ್ ಆಯಿಲಿನ ಬಿಳಿ ಡಬ್ಬಿ ಇದೆ, ಆಯಿಲ್ ಎಲ್ಲಿಯವರೆಗಿದೆ ಎಂಬುದು ಹೊರಗಿನಿಂದಲೇ ಕಾಣುತ್ತದೆ. ಪೈಪು ಸೋರಿದ್ದರೆ ಅದರಲ್ಲಿ ಆಯಿಲ್ ಇಳಿದಿರಬೇಕು. ನಿನ್ನೆ ನಾನು ಆಯಿಲನ್ನು ಡಬ್ಬಿಯ ಮೇಲಿನ ಗೆರೆಗೆ ಸರಿಯಾಗಿ ಬಿಟ್ಟಿದ್ದೇನೆ. ಯಾರೂ ಮುಚ್ಚಳ ತೆಗೆಯುವ ಮೊದಲು, ಸಿದ್ದರಾಮಪ್ಪನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಗೆರೆಯನ್ನು ಇನ್ನೊಮ್ಮೆ ನೋಡಬೇಕು.