ಎಡಗಡೆ ಇಂಡಿಕೇಟರ್

ಏಯ್, ಆ ಮೊಬೈಲ್ ಟಾರ್ಚ್ ಆರ್ಸೋ. ಕರೆಂಟ್ ಬರೋವಾಗ ಬರುತ್ತೆ. "ಕಲಾವತಕ್ಕಾ, ದೆವ್ವದ್ದು ಏನಾದ್ರೂ ಹೇಳಕ್ಕಾ" ಅಂತ ಪ್ರಾಣ ತಿಂದವರೂ ನೀವೇ, ಈಗ ಕಿಸಕಿಸ ನಗೋರೂ ನೀವೇ. ಇದು ಕಟ್ಟಿ ಹೇಳೋದಲ್ಲ. ನಮ್ಮ ದೊಡ್ಡಮ್ಮನ ಮಗ ಶಿವರಾಮ್‌ಗೆ ಆಗಿದ್ದು, ಹೋದ ಕಾರ್ತೀಕದಲ್ಲಿ. ನಕ್ಕರೆ ಎದ್ದು ಒಳಗೆ ಹೋಗ್ತೀನಿ ಅಷ್ಟೆ.

ಶಿವರಾಮ್ ಗೊತ್ತಲ್ಲ, ಯಲಹಂಕದಲ್ಲಿ ಕಾರುಗಳಿಗೆ ವೈರಿಂಗ್ ಮಾಡೋ ಅಂಗಡಿ ಇಟ್ಕೊಂಡಿದ್ದ. ಅವತ್ತು ಏಳು ಗಂಟೆ ಇರ್ಬೇಕು. ರಾಜಾನುಕುಂಟೆ ಸ್ಟಾಪಲ್ಲಿ ಬಸ್ ಇಳಿದು ಮನೆಗೆ ನಡ್ಕೊಂಡು ಬರ್ತಿದ್ದ. ದಾರಿ ಬಿಟ್ಟು ಹಾಳು ಬಾವಿ ಕಡೆ ತಿರುಗಿದ. ಕೈಯಲ್ಲಿ ಒಂದು ಬಟ್ಟೆ ಗಂಟು. ಅದನ್ನ ಯಾರಿಗೂ ಕಾಣದ ಹಾಗೆ ಬಾವಿಗೆ ಹಾಕ್ಬೇಕಿತ್ತು.

ಹಾಕಿದ. ಕಿವಿ ಕೊಟ್ಟ... ಗುಳುಂ ಅನ್ನಲಿಲ್ಲ. ಆ ಬಾವಿಯಲ್ಲಿ ಎರಡಾಳು ನೀರಿದೆ ಕಣ್ರೋ! ಕಲ್ಲು ಬಿದ್ರೆ ನಮ್ಮನೆವರೆಗೂ ಕೇಳುತ್ತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗಿಂದ... ಟಿಕ್. ಟಕ್. ಟಿಕ್. ಟಕ್. ಕಾರಲ್ಲಿ ಇಂಡಿಕೇಟರ್ ಹಾಕಿದ್ರೆ ಸ್ಟೇರಿಂಗ್ ಹಿಂದೆ ಕೇಳ್ಸುತ್ತಲ್ಲ, ಅದೇ ಸದ್ದು.

ಬಾವಿಕಟ್ಟೆಯ ಆ ಕಡೆ ಒಬ್ಬ ಬೆನ್ನು ಹಾಕಿ ಕೂತಿದ್ದ. ಪಿಸುಮಾತಲ್ಲಿ ಕೇಳಿದ.

"ಎಡಕ್ಕ ಹೊಳ್ಳತೀನಿ ಅಂದಿದ್ರಲ್ರೀ..."

ಮಾತು ಉತ್ತರದ ಕಡೆ ವಿಜಯಪುರದ್ದು, ಹೊಳ್ಳೋದು ಅಂದ್ರೆ ತಿರುಗೋದು. ಬಲು ಮರ್ಯಾದೆ.

"ಯಾ... ಯಾರು?" ಅಂದ ಶಿವರಾಮ್.

"ಅಂದಿದ್ರಲ್ರೀ..."

ಅಂದು ತಿರುಗಿದ. ಮುಖದ ಬಲಗಡೆ ಇರ್ಲಿಲ್ವಂತೆ. ಇರ್ಲಿಲ್ಲ ಅಂದ್ರೆ ಇರ್ಲಿಲ್ಲ. ಕೆನ್ನೆ ಹೋಗಿ ದವಡೆ ಹಲ್ಲು ಹೊರಗೆ. ಅದರ ಮೇಲಿಂದ ರಕ್ತದ ಜೊತೆ ಬಿಳೀದು ಇಳೀತಿತ್ತಂತೆ... ಹಾಲು. ಶಿವರಾಮ್ ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಸೀದಾ ನಮ್ಮನೆ ಬಾಗಿಲಿಗೆ ಬಂದು ಬಿದ್ದ. ನಾನೇ ನೀರು ಕುಡಿಸಿದ್ದು.

"ಏನೋ ಮಾಡ್ಕೊಂಡೆ, ಬೊಗಳೋ" ಅಂದೆ. ಆಮೇಲೆ ಬಾಯಿ ಬಿಟ್ಟ.

ಪುನೀತ್ ಅಂತ ಒಬ್ಬ ಗಿರಾಕಿ, ಸೈಟ್ ಮಾರಿಸೋನು. ಆನ್‌ಲೈನಲ್ಲಿ ಎಲ್ಇಡಿ ಬಲ್ಬ್ ತರಿಸಿ ಕಾರಿನ ಇಂಡಿಕೇಟರಿಗೆ ಹಾಕಿಸಿದ್ದ. ಎಲ್ಇಡಿ ಕರೆಂಟ್ ಕಮ್ಮಿ ಎಳೆಯುತ್ತಂತೆ. ಬಲ್ಬ್ ಸುಟ್ಟೋಗಿದೆ ಅಂದ್ಕೊಂಡು ಗಾಡಿ ಟಿಕಟಿಕಟಿಕಟಿಕ ಅಂತ ಅವಸರವಾಗಿ ಬಡ್ಕೊಳುತ್ತೆ. ಅದಕ್ಕೆ ಎರಡು ಮದ್ದು. ಒಂದು, ಎಲ್ಇಡಿಗೆ ಅಂತಲೇ ಬರೋ ರಿಲೇ, ಅದೇ ಟಿಕ್ ಟಕ್ ಅನ್ನೋ ಡಬ್ಬಿ, ಹಾಕೋದು. ಇನ್ನೊಂದು, ಎರಡೂ ಕಡೆ ಜಾಸ್ತಿ ಕರೆಂಟ್ ಎಳೆಯೋ ಒಂದೊಂದು ರೆಸಿಸ್ಟರ್ ಕೂರಿಸೋದು. ಆ ರೆಸಿಸ್ಟರ್ ಕಾದ ಹೆಂಚಿನ ಹಾಗೆ ಸುಡುತ್ತೆ, ತಗಡಿಗೆ ಸ್ಕ್ರೂ ಹಾಕಿ ಬಿಗೀಬೇಕು. ಶಿವರಾಮ್ ಎಡಗಡೇದು ಬಿಗಿದ. ಅಷ್ಟರಲ್ಲಿ ಪುನೀತ್, "ಮಗಾ, ಪಾರ್ಟಿ ಕಾಯ್ತಿದಾರೆ, ಬೇಗ ಮುಗ್ಸೋ" ಅಂತ ತಲೆ ತಿಂದ. ಇವನು ಬಲಗಡೇದನ್ನ ಪ್ಲಾಸ್ಟಿಕ್ ಟ್ಯಾಗಲ್ಲಿ ವೈರಿಗೇ ಕಟ್ಟಿ ಕಳಿಸ್ಬಿಟ್ಟ.

ನಾಲ್ಕೇ ದಿನ. ವೈರ್ ಕರಗಿ ಬಲಗಡೆ ಲೈಟ್ ಸತ್ತೋಯ್ತು. ಪುನೀತ್ ನೋಡ್ಕೊಳ್ಳಲೂ ಇಲ್ಲ.

ಈಗ ಕೇಳಿ. ಸರ್ಕಲಲ್ಲಿ ನೇರ ಹೋಗೋರು ನಾಲ್ಕೂ ಇಂಡಿಕೇಟರ್ ಹಾಕ್ತಾರಲ್ಲ ನಮ್ಮ ಜನ? ಯಾವ ಪುಣ್ಯಾತ್ಮ ಕಲಿಸಿದ್ನೋ! ಹೆಸರಘಟ್ಟ ಕಡೆ ಒಂದು ಕೂಡುರಸ್ತೆ. ಬೆಳಗ್ಗೆ ಆರು ಗಂಟೆ, ಮಂಜು. ಪುನೀತ್ ನೇರ ಹೋಗ್ತೀನಿ ಅಂತ ನಾಲ್ಕೂ ಹಾಕ್ದ. ಬಲಗಡೇದು ಸತ್ತಿತ್ತಲ್ಲ... ಹತ್ತಿದ್ದು ಎಡಗಡೇದು ಮಾತ್ರ.

ಎಡಗಡೆ ಅಡ್ಡರಸ್ತೆಯಲ್ಲಿ ಚನ್ನಪ್ಪ ಅನ್ನೋನು ಮೊಪೆಡ್ ಮೇಲೆ ಎರಡು ಹಾಲಿನ ಕ್ಯಾನ್ ಇಟ್ಕೊಂಡು ಕಾಯ್ತಿದ್ದ. ಊರು ವಿಜಯಪುರದ ಕಡೆ, ಇಲ್ಲಿ ದನದ ಶೆಡ್ಡಲ್ಲಿ ಕೆಲಸ. ಎಡಗಡೆ ಲೈಟ್ ಮಿನುಗ್ತಿದೆ, ಕಾರು ನನ್ನ ರಸ್ತೆಗೇ ತಿರುಗುತ್ತೆ ಅಂತ ನಂಬಿ ಮುಂದೆ ಬಂದ. ಧಡಾರ್! ಕ್ಯಾನ್ ಸಿಡಿದು ಗಾಜಿಗೆ ಬಡೀತು. ಮೊಪೆಡ್ ಎಂಜಿನ್ ಎರಡು ಹೋಳು. ಚನ್ನಪ್ಪನ್ನ ಬಂಪರ್ ಕೆಳಗೆ ಹಾಕ್ಕೊಂಡು ಮೂವತ್ತು ಅಡಿ ಎಳೀತು... ಟಾರಿಗೆ ಮೂಳೆ ಉಜ್ಜಿದ ಸದ್ದು ಚಕ್ರ ನಿಂತ ಮೇಲೂ ಕಿವೀಲಿತ್ತು ಅಂತ ಪುನೀತನೇ ಹೇಳಿದ್ದಂತೆ.

ಆಮೇಲೆ ಪೊಲೀಸರ ಮುಂದೆ ಏನಂದ ಗೊತ್ತಾ? "ಕುಡಿದಿದ್ದ ಸಾರ್. ತೂರಾಡ್ಕೊಂಡು ಅಡ್ಡ ಬಂದ."

ಪೊಲೀಸರು ಬರೆಸ್ಕೊಂಡು ಕಾರನ್ನ ಅವನ ಹತ್ರಾನೇ ಬಿಟ್ಟಿದ್ರು, ಎರಡು ದಿನ ಬಿಟ್ಟು ಆರ್‌ಟಿಓದವರ ಗಾಡಿ ಪರೀಕ್ಷೆ ಇತ್ತು. ಅದಕ್ಕೆ ಮುಂಚೆ ಶಿವರಾಮ್ ಹತ್ರ ತಂದು ನಿಲ್ಲಿಸಿದ. "ಸುಟ್ಟಿರೋ ವೈರ್ ಬದಲಾಯ್ಸು. ಬಾಯಿ ಬಿಟ್ಯೋ, ನಿನ್ ಕೈಕೆಲಸ ಕಣೋ ಇದು, ಒಳಗೆ ಹೋಗೋನು ನೀನೇ." ಇವನು ಹೆದರಿ ಹೊಸ ವೈರ್, ಹೊಸ ರಿಲೇ ಎಲ್ಲ ಹಾಕ್ದ. ಸುಟ್ಟ ವೈರು, ರೆಸಿಸ್ಟರು, ಹಳೇ ರಿಲೇ... ಇವೇ ಆ ಬಟ್ಟೆ ಗಂಟಲ್ಲಿ ಇದ್ದಿದ್ದು.

"ಥೂ ನಿನ್ನ ಜನ್ಮಕ್ಕಿಷ್ಟು!" ಅಂದೆ. "ಸತ್ತೋನ ಬಾಯಿಗೆ ಹೆಂಡ ಸುರೀತಿದಾರೆ, ನೀನು ಸೇರ್ಕೊಂಡು ಲೋಟ ಹಿಡಿದಿದೀಯಾ? ಹೋಗಿ ನಿಜ ಹೇಳೋ."

"ಜೈಲಿಗೆ ಹೋಗ್ತೀನಿ ಅಕ್ಕಾ..." ಅಂತ ಮುಸುಮುಸು ಅತ್ತ. ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸ್ತು.

ಮಾರನೇ ದಿನ ಸಂಜೆ ಪುನೀತ್ ಗಾಡಿ ತಗೊಂಡ್ಹೋಗೋಕೆ ಅಂಗಡಿಗೆ ಬಂದ. ಶಿವರಾಮ್ ಧೈರ್ಯ ಮಾಡಿ, "ಪುನೀತಣ್ಣ, ನಾನು ಹೇಳ್ಬಿಡ್ತೀನಿ" ಅಂದ.

ಪುನೀತ್ ಶಟರ್ ಎಳೆದ. ಕರ್‌ರ್‌ರ್... ಧಬ್. ವೀಲ್ ಸ್ಪ್ಯಾನರ್ ತಗೊಂಡು ಬೀಸಿದ. ಮೊದಲ ಏಟಿಗೇ ಶಿವರಾಮ್‌ನ ಹುಬ್ಬು ಬಾಯಿ ಬಿಡ್ತು. ಎರಡನೇದು ಭುಜಕ್ಕೆ. ಕೊರಳೆಲುಬು ಲಟಕ್ ಅಂತು. ನೆಲಕ್ಕೆ ಕೆಡವಿ ಕತ್ತಿನ ಮೇಲೆ ಬೂಟುಕಾಲಿಟ್ಟು ಅದುಮಿದ. "ಹೇಳ್ತೀಯಾ? ಹೇಳೋ ಈಗ! ಹೇಳೋ!"

ಆಗ... ಟಿಕ್. ಟಕ್.

ಕಾರಿನ ಎಡಗಡೆ ಇಂಡಿಕೇಟರ್ ಹತ್ತಿತು. ಆರಿತು. ಹತ್ತಿತು. ಬ್ಯಾಟರಿ ಬಿಚ್ಚಿ ಬೆಂಚ್ ಮೇಲಿಟ್ಟಿದ್ರು ಕಣ್ರೋ! ಕೀ ಪುನೀತನ ಜೇಬಲ್ಲಿ.

ಪುನೀತ್ ಕಾಲು ತೆಗೆದು ಕಾರಿನ ಮುಂದೆ ಬಂದು ನಿಂತ. ಹಿಂದೆ ಗೋಡೆ. ಸ್ಟೇರಿಂಗ್ ಹಿಡಿದು ಒಬ್ಬ ಕೂತಿದ್ದ. ಅರ್ಧ ಮುಖ.

"ಸೀದಾ ಹೊಂಟೀನ್ರೀ..." ಅಂದ. ಮೆತ್ತಗೆ.

ಎಂಜಿನ್ ಸದ್ದಿಲ್ಲ. ಟಯರ್ ಮಾತ್ರ ನೆಲದ ಮೇಲೆ ಸರ್‌ರ್ ಅಂತು. ಎಡಗಡೆ ಇಂಡಿಕೇಟರ್ ಹಾಕ್ಕೊಂಡೇ ಕಾರು ನೇರ ಬಂದು ಪುನೀತನ ತೊಡೆಗಳನ್ನ ಗೋಡೆಗೆ ಒತ್ತಿತು. ಹಸಿ ಸೌದೆ ಮುರಿದ ಸದ್ದಂತೆ. ಹಿಂದೆ ಸರೀತು. ಅವನು ಬೀಳೋಕೆ ಮುಂಚೆ ಮತ್ತೆ ಬಂತು... ಮತ್ತೆ. ಮೂರು ಸಲ. ಮೂರನೇದಕ್ಕೆ ಅವನ ಬಾಯಿಂದ ಕೂಗೂ ಬರಲಿಲ್ಲ. ಬಾನೆಟ್ ಪೂರ್ತಿ ರಕ್ತ.

ಆಮೇಲೆ ಚಕ್ರ ಸಣ್ಣಗೆ ಕಿರುಗುಟ್ಟಿತು. ಕಾರಿನ ಮೂತಿ ಶಿವರಾಮ್ ಕಡೆ ತಿರುಗಿತು. ಇವನು ಮುರಿದ ಭುಜ ಹಿಡ್ಕೊಂಡು ನೆಲದಲ್ಲೇ ಬಿದ್ದಿದಾನೆ, ಏಳೋಕಾಗ್ತಿಲ್ಲ. ಬಂಪರ್ ಮುಖದಿಂದ ಒಂದು ಗೇಣು.

"ನೀವು... ಯಾ ಕಡೆ ಹೊಂಟೀರಿ?"

ಟಿಕ್. ಟಕ್. ಟಿಕ್. ಟಕ್.

"ಸ್ಟೇಷನ್..." ಅಂದ ಶಿವರಾಮ್. ಬಾಯಲ್ಲಿ ರಕ್ತ. "ಸ್ಟೇಷನ್ ಕಡೆ ಕಣಪ್ಪಾ. ಎಲ್ಲ ಹೇಳ್ತೀನಿ. ನನ್ನ ತಾಯಾಣೆ."

ಲೈಟ್ ಆರಿತು.

ಪಕ್ಕದ ಟಿಂಕರಿಂಗ್ ಅಂಗಡಿ ಅರ್ಬಾಜ್ ಸದ್ದು ಕೇಳಿ ಬಂದು ಶಟರ್ ಎತ್ತಿದ. ಪುನೀತನ್ನ ಆಂಬುಲೆನ್ಸ್‌ಗೆ ಹಾಕಿ ಕಳಿಸಿದ್ರು. ಉಳ್ಕೊಂಡ, ಆದ್ರೆ ಎರಡೂ ಕಾಲು ತೊಡೆ ಹತ್ರ ತೆಗೆದ್ರು. ಶಿವರಾಮ್ ಆಸ್ಪತ್ರೆ ಬೇಡ ಅಂತ ಹಠ ಹಿಡಿದ. ಹಣೆಗೆ ಟವೆಲ್ ಸುತ್ಕೊಂಡು ಆಟೋ ಹತ್ತಿದ, ನನಗೆ ಫೋನ್ ಮಾಡ್ಸಿದ. ನಾನು ಹೋಗೋ ಹೊತ್ತಿಗೆ ಸ್ಟೇಷನ್ ಬೆಂಚ್ ಮೇಲೆ ಕೂತು ಹೇಳ್ತಿದ್ದ. ಟ್ಯಾಗಲ್ಲಿ ಕಟ್ಟಿದ್ದು, ವೈರ್ ಬದಲಾಯಿಸಿದ್ದು, ಬಾವಿಗೆ ಹಾಕಿದ್ದು, ಒಂದೂ ಬಿಡದೆ.

ಚನ್ನಪ್ಪನ ಹೆಂಡತಿ ಚಂದ್ರವ್ವ ಅಲ್ಲೇ ಇದ್ದಳು. ಎರಡು ದಿನದಿಂದ ಸ್ಟೇಷನ್ ಬಾಗಿಲು ಬಿಟ್ಟು ಕದಲಿರಲಿಲ್ಲ. ಪೂರ್ತಿ ಕೇಳಿದಳು. ಎದ್ದು ಬಂದು ಶಿವರಾಮ್ ಕಪಾಳಕ್ಕೆ ಬಿಟ್ಟಳು ನೋಡಿ! ಒಂದು, ಎರಡು... ಟವೆಲ್ ಬಿಚ್ಚಿ ರಕ್ತ ಅವಳ ಕೈಗೆ ಹತ್ತಿತು. ಇವನು ಕೈ ಅಡ್ಡ ತರಲಿಲ್ಲ. ನಾನೂ ಬಿಡಿಸಲಿಲ್ಲ. ಆಮೇಲೆ ಬರೀತಿದ್ದ ಕಾನ್‌ಸ್ಟೇಬಲ್ ಕಡೆ ತಿರುಗಿದಳು.

"ನನ್ನ ಗಂಡ ಒಂದ್ ಹನಿ ಮುಟ್ಟಿದಾಂವ ಅಲ್ರಿ. ಅದನ್ನ ಮದ್ಲ ಬರೀರಿ."

ಬರೆದ್ರು. ಓದಿಸಿ ಕೇಳಿದಳು. ಆಗ ನೆಲಕ್ಕೆ ಕೂತು ಜೋರಾಗಿ ಅತ್ತಳು.

ಆ ಕಾನ್‌ಸ್ಟೇಬಲ್ ಮಹಾಲಿಂಗಪ್ಪ ಅಂತ. ಎಡಗೈಲಿ ಬರೀತಿದ್ರು, ಅಕ್ಷರ ಸೊಟ್ಟ ಸೊಟ್ಟ. ಬಲಗೈಗೆ ಒದ್ದೆ ಕರ್ಚೀಫ್ ಸುತ್ತಿತ್ತು. ಏನಾಯ್ತು ಸಾರ್ ಅಂತ ಕೇಳಿದೆ. ಅಂಗಳದಲ್ಲಿ ಚನ್ನಪ್ಪನ ಮೊಪೆಡ್ ಜಪ್ತಿ ಮಾಡಿ ನಿಲ್ಲಿಸಿದ್ರಲ್ಲ, ಈಗ ಅರ್ಧ ಗಂಟೆ ಮುಂಚೆ ಜೀಪಿಗೆ ಅಡ್ಡ ಅಂತ ಪಕ್ಕಕ್ಕೆ ಎತ್ತಿಡೋಕೆ ಹೋದ್ರಂತೆ. ಎಂಜಿನ್ ಎರಡು ಹೋಳಾಗಿ ಎರಡು ದಿನದಿಂದ ನಿಂತಿದ್ದ ಗಾಡಿ, ಸೈಲೆನ್ಸರ್ ತಾಗಿ ಸುಟ್ಟೋಯ್ತಂತೆ.

ನಂಬಿ, ಬಿಡಿ. ಕರ್ಚೀಫ್ ಬಿಚ್ಚಿದಾಗ ಅಂಗೈ ತುಂಬಾ ಬೊಬ್ಬೆ ಎದ್ದಿತ್ತು. ನಾನೇ ನನ್ನ ಕೈಯಾರೆ ತಣ್ಣೀರು ಹಾಕಿದ್ದು.